ಮೊಳದುದ್ದದ ಹಗ್ಗ

ಜುಲೈ ೧೯, ಶನಿವಾರ

ಆ ಹಗ್ಗ ಕಣ್ಣ ಮುಂದಿನಿಂದ ಸರಿಯುತ್ತಲೇ ಇಲ್ಲ.

ಬೆಳಿಗ್ಗೆ ಹೊಳೆ ಉಕ್ಕಿತು. ಕಾಲುವೆಯ ಗೇಟು ಎತ್ತಿ ನೆರೆನೀರನ್ನೆಲ್ಲ ಕೊಳಕ್ಕೆ ತಿರುಗಿಸಿದೆ. ಕೊಳ ತೋಡಿಸಿದ್ದೇ ಅದಕ್ಕೆ. ಬೀದಿ ಉಳಿಯಿತು. “ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಮ್ಮ, ಹೊಸ್ತಿಲು ದಾಟಿ ಒಂದು ಹನಿ ಬರ್ಲಿಲ್ಲ” ಎಂದರು ಮೂಲೆಮನೆಯ ಅಜ್ಜಿ.

ಕೊಳದಲ್ಲಿ ನೀರುಕೋಳಿ ಗೂಡು ಕಟ್ಟಲೆಂದು ಒಂದು ತೆಪ್ಪ ತೇಲಿಬಿಟ್ಟಿದ್ದೆ. ಗಾಳಿಗೆ ಅಲೆಯದಿರಲಿ ಎಂದು ಅದನ್ನು ಗೂಟಕ್ಕೆ ಬಿಗಿದವಳೂ ನಾನೇ. ಇವತ್ತು ನೀರು ಆಳೆತ್ತರ ಏರಿತು, ಹಗ್ಗ ಮೊಳದುದ್ದ. ತೆಪ್ಪ ಮೇಲೇಳಲಾರದೆ ಏಳು ಮೊಟ್ಟೆಗಳ ಸಮೇತ ಮುಳುಗಿತು. ಕಟ್ಟದೇ ಬಿಟ್ಟಿದ್ದರೆ ತೇಲುತ್ತಿತ್ತು. ಸಂಜೆಯವರೆಗೂ ತಾಯಿಹಕ್ಕಿ ಅಲ್ಲೇ ಸುತ್ತುತ್ತಿತ್ತು.

ಮೊಟ್ಟೆಗಾಗಿ ಅತ್ತರೆ ಮನೆಯವರು ನಗುತ್ತಾರೆ.

ತೆಪ್ಪ ಕಟ್ಟಿದ ದಿನ ಕತ್ತರಿಸಿ ಉಳಿಸಿದ ಹಗ್ಗ ಬಾಗಿಲ ಹಿಂದೆ ಸುರುಳಿಯಾಗಿ ನೇತಾಡುತ್ತಿದೆ. ಈಗಷ್ಟೇ ಬಿಚ್ಚಿ ಅಳೆದೆ. ಎರಡಾಳುದ್ದ ಇದೆ.