ನಿಮ್ಮಪ್ಪನ ಗಾಡಿಯ ಬೀಗದಕೈ

ಓಕುಜಾವಾ
ನವೆಂಬರ್ ೧೮

ಪ್ರೀತಿಯ ಚಿಜುರು,

ನಾವಿಬ್ಬರೂ ಉಂಡುಟ್ಟು ಇದ್ದೇವೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈಯಬೇಡ. ಹಿತ್ತಲ ಮರದ ಕಾಕಿ ಹಣ್ಣು ಸುಲಿದು ಒಣಗಲು ಸೂರಿಗೆ ನೇತುಹಾಕುವ ಕೆಲಸವಿತ್ತು.

ಹೋದ ತಿಂಗಳು ನೀನು ಬಂದು, "ಅಪ್ಪಾ, ಎಂಬತ್ತಮೂರಾಯ್ತು, ಗಾಡಿ ಓಡಿಸಿದ್ದು ಸಾಕು, ಲೈಸೆನ್ಸ್ ವಾಪಸ್ ಕೊಟ್ಬಿಡಿ" ಅಂದಾಗ ಅವರು ಸಾರಿನ ಬಟ್ಟಲು ಕುಕ್ಕಿ ಎದ್ದುಹೋದರಲ್ಲ, ನಾನೂ ಅವರ ಪರ ವಹಿಸಿದೆ. "ಊರಿಗೆ ಬಸ್ಸು ನಿಂತು ಆರು ವರ್ಷ. ಅಂಗಡಿಗೆ, ಆಸ್ಪತ್ರೆಗೆ ನೀನು ಹೊತ್ಕೊಂಡು ಹೋಗ್ತೀಯೇನೇ?" ಅಂತ ನಿನ್ನ ಬಾಯಿ ಮುಚ್ಚಿಸಿದೆ.

ಆಗ ಹೇಳದ್ದನ್ನು ಈಗ ಹೇಳುತ್ತೇನೆ. ನಿಮ್ಮಪ್ಪನಿಗೆ ಎಡಗಡೆ ಏನೂ ಕಾಣುವುದಿಲ್ಲ. ಎರಡು ವರ್ಷವಾಯಿತು. ಕೈಕಾಲು ಅವರದು, ಕಣ್ಣು ನನ್ನದು. ಪಕ್ಕದಲ್ಲಿ ಕೂತು "ಎಡಕ್ಕೆ ಗೋಡೆ, ಮುಂದೆ ಕೆಂಪು ದೀಪ, ನಿಲ್ಸಿ ನಿಲ್ಸಿ" ಅಂತ ಕೂಗುತ್ತೇನೆ. "ಅರವತ್ತು ವರ್ಷದಿಂದ ಕೂಗ್ತಾ ಇದ್ದೀಯ, ಈಗ ಉಪಯೋಗಕ್ಕೆ ಬಂತು ನೋಡು" ಅಂತ ಅವರು ನಗುತ್ತಾರೆ. ನಾನೂ ನಗುತ್ತಿದ್ದೆ.

ನಿನ್ನೆ ನಾನೇ ಮಾತು ತೆಗೆದೆ. "ರೀ, ಗಾಡಿ ಸಾಕು." ಅವರು ಹಣ್ಣು ಸುಲಿಯುವ ಚಾಕು ಕೆಳಗಿಟ್ಟು, "ನೀನೂ ಮಗಳ ಕಡೆ ಸೇರಿದೆಯಾ? ನಿನ್ನ ಕಣ್ಣಿರೋವರೆಗೂ ನನಗೇನು ಭಯ?" ಅಂದರು. ನಾನು ಸುಲಿದ ಹಣ್ಣಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ.

ಬರುವ ವಾರ ಪೇಟೆಗೆ ಹೋಗಲೇಬೇಕಂತೆ. ಬೀಗದಕೈ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ. ಬೆಳಿಗ್ಗೆಯಿಂದ ಮನೆಯೆಲ್ಲ ತಡಕಾಡುತ್ತಿದ್ದಾರೆ. ಡಬ್ಬಿಯ ಹತ್ತಿರ ಸುಳಿದಾಗಲೆಲ್ಲ ಏನಾದರೂ ಕೆಲಸ ಹೇಳಿ ಆಚೆ ಕಳಿಸುತ್ತೇನೆ. ಅದು ಅವರಿಗೆ ಸಿಗುವ ಮುಂಚೆ ಬಂದು ತೆಗೆದುಕೊಂಡು ಹೋಗು. ಬೈದರೆ ಬೈಸಿಕೋ.

ಮೊಮ್ಮಗಳು ಮಯುಗೆ ಒಣಹಣ್ಣು ತೆಗೆದಿಟ್ಟಿದ್ದೇನೆ. ತಣ್ಣಗಿರಿ ಎಲ್ಲರೂ. ರಸ್ತೆಯಲ್ಲಿ ಅವಳ ಕೈ ಬಿಡಬೇಡ.

ನಿನ್ನ ಅಮ್ಮ,
ಕಿಯೊ

ಇನ್ನೊಂದು ಮಾತು. ಹತ್ತು ದಿನದ ಹಿಂದೆ ಶಾಲೆಯ ತಿರುವಿನಲ್ಲಿ ಚಕ್ರದಡಿ ಏನೋ ಸಿಕ್ಕಿತು. "ಏನೇ ಅದು?" ಅಂದರು. ತಿರುಗಿ ನೋಡಿದೆ. "ಕಾಕಿ ಹಣ್ಣು, ನಡೀರಿ" ಅಂದೆ. ಅದು ಹಳದಿ ಟೋಪಿ, ನಮ್ಮ ಮಯು ಶಾಲೆಗೆ ಹಾಕುವಂಥದ್ದೇ. ಗೇಣು ದೂರದಲ್ಲಿ, ಚರಂಡಿಯ ಅಂಚಿಗೆ, ಪುಟ್ಟ ಹುಡುಗಿಯೊಂದು ಬರಿದಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು. ಗೀರೂ ಆಗಿರಲಿಲ್ಲ. ಸಂಜೆ ನಡೆದು ಹೋಗಿ ಟೋಪಿ ಹೆಕ್ಕಿ ತಂದೆ. ಅದೂ ಅಕ್ಕಿಯಲ್ಲೇ ಇದೆ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ? ನಾನು ಕೂತ ಎಡಗಡೆಗೇ ನಿಂತಿತ್ತು ಮಗು, ಚಿಜುರು. ತಿರುಗಿ ನೋಡುವವರೆಗೂ ನನಗೂ ಕಂಡಿರಲಿಲ್ಲ.