ಹುಲ್ಲಿನೆಸಳಿನ ಪರೀಕ್ಷೆ

ಕಣ್ಣಾಸ್ಪತ್ರೆ, ಎರಡನೆಯ ಮಹಡಿ
ಸೋಮವಾರ, ಹದಿನಾಲ್ಕನೆಯ ತಾರೀಖು

ಪ್ರೀತಿಯ ಪುಟ್ಟಿ,

ನಿನ್ನ ಕೆಮ್ಮು ಇಳಿಯಿತೆ? ಹೊಸ ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೆಂದು ನಂಬಿದ್ದೇನೆ. ನಾವಿಬ್ಬರೂ ಕ್ಷೇಮ. ಅಮ್ಮನಿಗೆ ಮಾತ್ರ ನನ್ನ ಮೇಲೆ ಕೋಪ. "ನಿಮ್ಮ ಎದುರು ಪಕ್ಷ ಮನೆ ಬಿಟ್ಟು ಹೋಯ್ತಲ್ಲ, ಇನ್ನು ಗೋಡೆ ಜೊತೆ ವಾದ ಮಾಡ್ಕೊಳ್ಳಿ" ಎಂದು ದಿನಕ್ಕೊಮ್ಮೆಯಾದರೂ ಕುಟುಕುತ್ತಾಳೆ.

ಟೈಲರಮ್ಮನ ಕಣ್ಣಿನ ವಿಷಯ ನಿನಗೆ ತಿಳಿಸುವುದು ನ್ಯಾಯ. ಅವರ ಕಾರ್ನಿಯಾದ ಹುಣ್ಣಿನಿಂದ ಕೆರೆದು ತಂದ ಸ್ಲೈಡಿನಲ್ಲಿ ಎಳೆಗಳನ್ನು ಕಂಡು ನಾನು ಎರಡೇ ನಿಮಿಷದಲ್ಲಿ ಶಿಲೀಂಧ್ರವೆಂದು ವರದಿ ಬರೆದೆ. ನೀನು ಸೂಕ್ಷ್ಮದರ್ಶಕದಿಂದ ತಲೆ ಎತ್ತದೆಯೇ, "ಅಪ್ಪ, ಎಳೆಗಳಲ್ಲಿ ಅಡ್ಡಗೋಡೆನೇ ಕಾಣಲ್ಲ. ಶಿಲೀಂಧ್ರದ ವೇಷದಲ್ಲಿರೋ ಪಿಥಿಯಂ ಇರಬಹುದು. ಎರಡು ದಿನ ಕೊಡಿ, ಬೆಳೆಸಿ ಹುಲ್ಲಿನ ಮೇಲೆ ಹಾಕಿ ನೋಡ್ತೀನಿ" ಎಂದೆ. "ಹುಲ್ಲು ಹಾಕೋದು ದನಕ್ಕೆ ಕಣಮ್ಮ" ಎಂದು ನಾನು ಎಲ್ಲರನ್ನೂ ನಗಿಸಿದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಎದುರಾಳಿಯನ್ನು ಕೂರಿಸಲು ಅಂಥದೊಂದು ಮಾತು ಸಾಕಾಗುತ್ತಿತ್ತು. ನಿನಗೂ ಸಾಕಾಯಿತು, ಮರುವಾರವೇ ನೀನು ಬೇರೆ ಊರಿನ ಕೆಲಸ ಒಪ್ಪಿಕೊಂಡೆ.

ಇದನ್ನು ಸಮರ್ಥನೆಯೆಂದು ತಿಳಿಯಬೇಡ. ನಿನ್ನ ಅಣ್ಣ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಪ್ರತಿಯೊಬ್ಬ ವೈದ್ಯರೂ "ಇನ್ನೊಂದು ಟೆಸ್ಟ್ ನೋಡೋಣ" ಎಂದರೇ ಹೊರತು ರೋಗದ ಹೆಸರು ಹೇಳಲಿಲ್ಲ. ಹನ್ನೆರಡನೆಯ ದಿನ ಅವನಿರಲಿಲ್ಲ. ನನ್ನ ಮೇಜಿನಿಂದ ಅನುಮಾನದ ವರದಿ ಹೊರಗೆ ಹೋಗಬಾರದೆಂದು ಅಂದೇ ನಿಶ್ಚಯಿಸಿದೆ. ಅನುಮಾನವನ್ನು ಪರಿಹರಿಸದೆ ಬರೀ ಅಳಿಸಿಹಾಕುತ್ತಿದ್ದೇನೆಂಬುದು ಮಾತ್ರ ಹೊಳೆಯಲೇ ಇಲ್ಲ.

ಒಂಬತ್ತು ದಿನ ಶಿಲೀಂಧ್ರದ ಔಷಧಿ ಹಾಕಿದರೂ ಹುಣ್ಣು ಹಬ್ಬಿತು. ಕೊನೆಗೆ ನಾನೇ ಹುಲ್ಲಿನೆಸಳು ಕುದಿಸಿ, ಬೆಳೆಸಿದ ಎಳೆಗಳ ಜೊತೆ ನೀರಿನ ತಟ್ಟೆಯಲ್ಲಿಟ್ಟೆ. ಸಂಜೆಯೊಳಗೆ ಎಸಳಿನ ಅಂಚಿನಲ್ಲಿ ಗುಳ್ಳೆಗಳು ಮೂಡಿ, ಒಡೆದು, ಪುಟ್ಟ ಜೀವಕಣಗಳು ಈಜುತ್ತ ಹೊರಬಂದವು. ಕಣ್ಣಿಗೆ ತಗಲುವ ಯಾವ ಶಿಲೀಂಧ್ರವೂ ಹಾಗೆ ಈಜುವುದಿಲ್ಲ. ವರದಿ ತಿದ್ದಿ, ಟೈಲರಮ್ಮನ ಹಾಸಿಗೆಯ ಬಳಿ ನಿಂತು ತಪ್ಪು ನನ್ನದೆಂದೆ. ಅವರು, "ನಾನು ಅಳತೆ ತಪ್ಪಿದ್ರೆ ಬಟ್ಟೆ ಹೋಗುತ್ತೆ ಸ್ವಾಮಿ. ಇದು ಕಣ್ಣು" ಎಂದರು.

ಆರೋಗ್ಯ ನೋಡಿಕೋ. ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿ.

ನಿನ್ನ ಒಳಿತು ಬಯಸುವ
ಅಪ್ಪ

ತಾ.ಕ.: ಹೊಸ ಔಷಧಿಗೂ ಹುಣ್ಣು ಪೂರ್ತಿ ಬಗ್ಗಿಲ್ಲ. ಶುಕ್ರವಾರ ಕಾರ್ನಿಯಾ ಕಸಿ. ಕತ್ತರಿಸಿ ತೆಗೆದ ತುಣುಕಿನ ಅಂಚಿನಲ್ಲಿ ಎಳೆ ಉಳಿದಿದೆಯೇ ಎಂದು ಅಲ್ಲೇ ನೋಡಿ ಹೇಳುವವರು ಬೇಕು. ಉಳಿದಿದ್ದರೆ ಹೊಸ ಕಾರ್ನಿಯಾವೂ ಹೋಗುತ್ತದೆ. ಸರ್ಜನ್ ನನ್ನನ್ನು ಕೇಳಿದರು. ನಿನ್ನ ಹೆಸರು ಕೊಟ್ಟೆ. ಗುರುವಾರ ಬಾ, ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ನೀನು ಎಷ್ಟು ಹೊತ್ತು ಕೇಳಿದರೂ ಕಾಯಬೇಕೆಂದು ಅವರೊಡನೆ ವಾದ ಮಾಡಿ ಒಪ್ಪಿಸಿದ್ದೇನೆ.