ಟೇಪು ಬಚ್ಚಿಟ್ಟಿದ್ದೀನಿ

ರೀ,

ಅಳತೆ ಟೇಪು ಹುಡುಕಬೇಡಿ, ನಾನೇ ಬಚ್ಚಿಟ್ಟಿದ್ದೀನಿ. ಹೊಲಿಗೆ ಅಂಗಡಿ ಇವತ್ತು ತೆಗೆಯಬೇಡಿ. ತಿಂಡಿ ಒಲೆ ಪಕ್ಕ ಮುಚ್ಚಿಟ್ಟಿದೆ, ತಿಂದು ನೇರ ಡಾಕ್ಟರ ಹತ್ತಿರ ಹೊರಡಿ. ಕೊಡೆಯೂ ಬೇಡ, ಅದನ್ನೂ ತಿರುಗಿಸ್ತಾ ಕೂರ್ತೀರಿ.

ಹೋದ ಸಲ ಅವರ ಮುಂದೆ ಟೇಪು ಸುತ್ತುತ್ತಾ ಬಿಚ್ಚುತ್ತಾ ಕೂತಿದ್ರಿ. ಕೆಲಸ ಸಿಕ್ಕಿದರೆ ನಿಮ್ಮ ಕೈ ನಡುಗೋದೇ ಇಲ್ಲ, ಇನ್ನು ಅವರಿಗೆ ಏನು ಕಾಣಬೇಕು? ಮೇಲಿಂದ "ನಮ್ಮಕ್ಕಂಗೂ ಹೀಗೇ, ನಮ್ಮನೇಲಿ ಇದು ಇದ್ದದ್ದೇ" ಅಂತ ಬೇರೆ ಹೇಳಿ ಎದ್ದು ಬಂದ್ರಿ. ನನಗೆ ಮೈಯೆಲ್ಲ ಉರಿದುಹೋಯಿತು.

ಅಕ್ಕನ ಎರಡೂ ಕೈ ನಡುಗೋದು ಲೋಟ ಎತ್ತಿದಾಗ. ನಿಮ್ಮ ಬಲಗೈ ನಡುಗೋದು ಲೋಟ ಕೆಳಗಿಟ್ಟು ಸುಮ್ಮನೆ ಕೂತಾಗ. ಎರಡೂ ಬೇರೆ ಕಾಯಿಲೆ ಇರಬಹುದು, ಔಷಧಿಯೂ ಬೇರೆಯಂತೆ. ಇದನ್ನು ಹೀಗೇ ಹೇಳಿ. ಆಮೇಲೆ ಕೈಯನ್ನು ತೊಡೆ ಮೇಲಿಟ್ಟು ಅದರ ಪಾಡಿಗೆ ನಡುಗಲು ಬಿಡಿ. ಮುಚ್ಚಿಡೋಕೆ ಅಲ್ಲೇನು ನಿಮ್ಮ ಗಿರಾಕಿಗಳು ಕೂತಿರ್ತಾರಾ?

ನಿಮಗೆ ಭಯ ಅಂತ ಗೊತ್ತು. ನನಗೂ ಇದೆ. ಕೆಲಸ ಮುಗಿಸಿ ಆಸ್ಪತ್ರೆ ಬಾಗಿಲಲ್ಲೇ ನಿಂತಿರ್ತೀನಿ. ಒಳಗೆ ಕರೆಯೋ ತನಕ ನನ್ನ ಕೈ ಹಿಡಿದುಕೊಂಡಿರಿ. ಡಾಕ್ಟರ ಮುಂದೆ ಮಾತ್ರ ಬಿಟ್ಟುಬಿಡಿ.